ಲೈನಿನ ಮೇಲೊಬ್ಬ ಹೊಸಬ

“ಪ್ರಹ್ಲಾದ, ಹುಷಾರ್ ಇರ್ರಿ. ಅಂವಾ ನಿಮ್ಮ ಹೆಸರ ಹಿಡದ ಕೇಳಾಕತ್ತಾನ.”

ಸವಣೂರಿನ ಸುಶೀಲವ್ವನ ಪಿಸುಮಾತು ಹೆಡ್‌ಫೋನಿನಲ್ಲಿ ಬಂತು. ಶಿಗ್ಗಾಂವದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಕುಳಿತಿದ್ದ ಪ್ರಹ್ಲಾದ ಕೈಯಲ್ಲಿದ್ದ ಪ್ಲಗ್ಗನ್ನು ಕೆಳಗಿಟ್ಟ.

೧೯೭೯ರ ಮಾತು. ಶಿಗ್ಗಾಂವ, ಸವಣೂರು, ಹಾನಗಲ್, ಹಿರೇಕೆರೂರು. ನಾಲ್ಕು ಊರು, ನಾಲ್ಕು ಆಪರೇಟರುಗಳು. ಮಧ್ಯಾಹ್ನ ಮೂರಕ್ಕೆ ಪೇಟೆಯ ಕರೆಗಳು ಇಳಿದವೆಂದರೆ ನಾಲ್ವರೂ ಟ್ರಂಕ್ ಲೈನುಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹರಟೆಗೆ ಕೂಡುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅಲ್ಲಿ ಮಾತೇ ಮುಖ, ಮಾತೇ ಕುಲಗೋತ್ರ. ಪ್ರಹ್ಲಾದ ಸೇರಿದ ಹೊಸದರಲ್ಲಿ ಮನೆಯ ರೂಢಿಯಂತೆ ‘ಮಾಡ್ಲಿಕ್ಕತ್ತೇನಿ’ ಎಂದಿದ್ದ. ಹಾನಗಲ್ಲಿನ ಅಲ್ಲಾಭಕ್ಷ, “ಏನ್ರಿ ಆಚಾರ್ರ, ಮಡೀಲೆ ಫೋನ್ ಮುಟ್ಟತೀರೇನು?” ಎಂದು ಕಾಡಿದ್ದೇ ಕಾಡಿದ್ದು. ವಾರದೊಳಗೆ ಪ್ರಹ್ಲಾದ ಎಲ್ಲರಂತೆ ‘ಮಾಡಾಕತ್ತೇನಿ’ ಎನ್ನತೊಡಗಿದ. ಅಂದಿನಿಂದ ಅವನು ಅವರವನಾದ.

ಹರಟೆ ಹೋದರೆ ಹೋಗಲಿ, ಲೈನು ಮಾತ್ರ ಅವನಿಗೆ ಬೇಕೇ ಬೇಕಿತ್ತು. ಅವನ ಬೆನ್ನಿಗೆ ಹುಟ್ಟಿದ ವಾದಿರಾಜ ಹತ್ತು ವರ್ಷದವನಿದ್ದಾಗ ಅಪ್ಪನ ಏಟಿಗೆ ಹೆದರಿ, ಅವರು ಆಗ ಇದ್ದ ಹತ್ತಿಮತ್ತೂರಿನಿಂದ ಓಡಿಹೋಗಿದ್ದ. ಹದಿನಾಲ್ಕು ವರ್ಷವಾಯಿತು. ಮೀರಜಿನ ರೈಲು ಹತ್ತಿದ್ದನ್ನು ಕಂಡೆನೆಂದು ಯಾರೋ ಹೇಳಿದ್ದರು. ಅದೊಂದು ಎಳೆ ಹಿಡಿದು ಗೆಳೆಯರು ಹುಬ್ಬಳ್ಳಿ, ಬೆಳಗಾವಿ ದಾಟಿಸಿ ಮೀರಜಿನ ಆಪರೇಟರುಗಳವರೆಗೂ ವಿಚಾರಣೆ ಮುಟ್ಟಿಸಿದ್ದರು. ಎಲ್ಲ ಸರ್ಕಾರದ ಲೈನಿನ ಮೇಲೆ, ಕದ್ದುಮುಚ್ಚಿ. ಪ್ರತಿ ಸಂಜೆ ಅವ್ವ ಭಾಗೀರಥಿಬಾಯಿ ಬಾಗಿಲಲ್ಲೇ ಕೇಳುವಳು: “ಏನರೆ ಗೊತ್ತಾತೇನೋ?” ಅವಳ ಕಣ್ಣು ಮಂಜಾಗಿತ್ತು. ಮುಖ ಕಾಣದಿದ್ದರೂ ಸರಿ, ದನಿ ಕೇಳಿ ಸಾಯುತ್ತೇನೆ ಎನ್ನುತ್ತಿದ್ದಳು.

ಹೀಗಿರುವಾಗ ಮೇಲಿನ ಕಚೇರಿಯಿಂದ ಕಾಗದ ಬಂತು. ಲೈನಿನ ಮೇಲೆ ಹರಟುವವರನ್ನು ಗುಟ್ಟಾಗಿ ಆಲಿಸಿ ಕ್ರಮ ಕೈಗೊಳ್ಳಲಾಗುವುದು. ಅದೇ ವಾರ ಹಿರೇಕೆರೂರಿನ ಫಕ್ಕೀರಪ್ಪ ಮಗಳ ಮದುವೆಗೆಂದು ರಜೆ ಹಾಕಿ ಹೋದ. ಅವನ ಜಾಗಕ್ಕೆ ಹದಿನೈದು ದಿನದ ಬದಲಿಯಾಗಿ ಒಬ್ಬ ಹೊಸಬ ಬಂದು ಕುಳಿತ.

ಹೊಸಬ ಬಾಯಿ ತೆರೆದದ್ದೇ ತಪ್ಪಾಯಿತು.

“ನಮಸ್ಕಾರ. ನಾನೂ ಸೇರಿಕೊಳ್ಳಬಹುದಾ?”

‘ಬರ್ರಿ’ ಅನ್ನದೆ ‘ಬನ್ನಿ’ ಅನ್ನುವವನು! ಮೈಸೂರು ಸೀಮೆಯ ಮಾತು, ಸಾಹೇಬರ ಮಾತು. ಸುಶೀಲವ್ವ ಮೆಲ್ಲಗೆ ಊಟದ ಸುದ್ದಿ ತೆಗೆದಳು. ಅನ್ನ, ಸಾರು ಎಂದ ಹೊಸಬ. ಅವನು ಲೈನು ಬಿಟ್ಟ ಮೇಲೆ ಅಲ್ಲಾಭಕ್ಷ ತೀರ್ಪು ಕೊಟ್ಟ: “ರೊಟ್ಟಿ ಹೆಸರ ಎತ್ತಲಿಲ್ಲ ನೋಡ್ರಿ. ಪಕ್ಕಾ ಸಿಐಡಿ.”

ಅವನ ಹೆಸರನ್ನು ಯಾರೂ ಕೇಳಲಿಲ್ಲ. ಅವನು ಬಂದೊಡನೆ ಮಾತು ನಿಲ್ಲುತ್ತಿತ್ತು. ಆದರೆ ಅವನೇ ಹೆಸರು ಕೇಳತೊಡಗಿದ. ಸವಣೂರಿಗೆ, ಹಾನಗಲ್ಲಿಗೆ ಒಂದೇ ಪ್ರಶ್ನೆ: ಪ್ರಹ್ಲಾದ ಎಂಬ ಆಪರೇಟರ್ ಇದ್ದಾರಾ? ಗೆಳೆಯರು ಇಲ್ಲವೆಂದರು. ಅವರ ನಿಯತ್ತು ದೊಡ್ಡದು.

ಮರುದಿನ ಶಿಗ್ಗಾಂವದ ಸರದಿ.

“ಸಾರ್, ಅಲ್ಲಿ ಪ್ರಹ್ಲಾದ ಅಂತ...”

“ಹಂಗಂಬಾವ ಈ ಕಡೆ ಯಾವನೂ ಇಲ್ಲ.”

“ಖಂಡಿತಾನಾ ಸಾರ್?”

“ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನ್ರಿ? ಕೆಲಸ ಮಾಡಾಕತ್ತೇನಿ, ಲೈನ್ ಬಿಡ್ರಿ.”

ಹೊಸಬ ಬಿಡಲಿಲ್ಲ. ದಿನವೂ ಏನಾದರೊಂದು ನೆವ ಹಿಡಿದು ಶಿಗ್ಗಾಂವಕ್ಕೇ ಬರುತ್ತಿದ್ದ. ಪ್ರಹ್ಲಾದನಿಗೆ ಊಟ ಸೇರದಾಯಿತು. ನೌಕರಿ ಹೋದರೆ ಲೈನು ಹೋಯಿತು, ಲೈನು ಹೋದರೆ ವಾದಿರಾಜ ಸಿಕ್ಕ ಹಾಗೆಯೇ. ಅವ್ವನಿಗೆ ಏನು ಹೇಳುವುದು?

ಹದಿನೈದನೆಯ ದಿನ ಮತ್ತೆ ಅದೇ ದನಿ. “ಸಾರ್, ಕಟ್ ಮಾಡಬೇಡಿ. ಇವತ್ತೇ ಕಡೇ ದಿನ. ನಾನು ತಮ್ಮ...”

ಪ್ರಹ್ಲಾದ ಪ್ಲಗ್ಗು ಕಿತ್ತ.

“‘ನಾನು ತಮ್ಮ’ ಅಂತ ಸುರು ಮಾಡಿದಾ ನೋಡ್ರಿ,” ಎಂದು ಗೆಳೆಯರಿಗೆ ವರದಿ ಒಪ್ಪಿಸಿದ. “ತಮ್ಮ ಸೇವಕ, ತಮ್ಮ ವಿಧೇಯ! ಬೆಣ್ಣಿ ಹಚ್ಚಾಕ ಬಂದಿದ್ದ.” ಮೂವರೂ ಬಿದ್ದು ಬಿದ್ದು ನಕ್ಕರು. ಆ ಸಂಜೆ ಅವ್ವ ಕೇಳುವ ಮೊದಲೇ ಅವನೇ ಹೇಳಿದ: “ಗಂಡಾಂತರ ತಪ್ಪಿತವ್ವಾ. ಇನ್ನ ಹುಡುಕ್ಲಿಕ್ಕೆ ಏನೂ ಅಡ್ಡಿ ಇಲ್ಲ.”

ಸೋಮವಾರ ಫಕ್ಕೀರಪ್ಪ ಮರಳಿ ಬಂದ. ಮದುವೆಯ ಸುದ್ದಿ ಮುಗಿದ ಮೇಲೆ, “ಶಿಗ್ಗಾಂವ, ಆ ಬದಲಿ ಹುಡುಗ ನಿಮಗಂತ ಒಂದ ಚೀಟಿ ಬರದಿಟ್ಟ ಹೋಗ್ಯಾನ್ರಿ,” ಎಂದ.

“ಓದ್ರಿ, ಎಲ್ಲಾರೂ ಕೇಳೂಣು,” ಎಂದ ಪ್ರಹ್ಲಾದ ನಗುತ್ತಲೇ.

ಫಕ್ಕೀರಪ್ಪ ಅಕ್ಷರ ಕೂಡಿಸಿ ಓದತೊಡಗಿದ. “‘ಶಿಗ್ಗಾಂವದವರಿಗೆ ನಮಸ್ಕಾರ. ಮೈಸೂರು ಕಡೆ ಬೆಳೆದವನು ನಾನು; ಊರಿಗೆ ಬಂದರೆ ಮನೆಗೆ ಬೀಗ. ನಮ್ಮವರೊಬ್ಬರು ಈ ಕಡೆ ಫೋನ್ ನೌಕರಿಯಲ್ಲಿದ್ದಾರೆಂದು ಕೇಳಿ ಈ ಬದಲಿ ಕೆಲಸ ಹಿಡಿದು ಬಂದೆ. ನಿಮ್ಮ ದನಿ ನಮ್ಮ ತಂದೆಯವರ ದನಿಯ ಹಾಗೇ ಇತ್ತು. ಅದಕ್ಕೇ ಮತ್ತೆ ಮತ್ತೆ ಪೀಡಿಸಿದೆ. ಆದರೆ ನಮ್ಮ ಮನೆಯಲ್ಲಿ ಯಾರೂ ಮಾಡಾಕತ್ತೇನಿ ಅನ್ನುತ್ತಿರಲಿಲ್ಲ. ನೀವು ಬೇರೆಯವರೇ ಇರಬೇಕು. ತೊಂದರೆ ಕೊಟ್ಟೆ, ಕ್ಷಮಿಸಿ. ಇನ್ನು ಈ ಕಡೆ ಬರುವುದಿಲ್ಲ.’”

ಯಾರೂ ನಗಲಿಲ್ಲ. ಪ್ರಹ್ಲಾದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

“ವಿಳಾಸ?”

“ಇಲ್ರಿ. ಹಿಂದಿನ ಮಗ್ಗಲಿಗೆ ಇನ್ನೊಂದು ಸಾಲು ಐತಿ, ತಡೀರಿ...” ಕಾಗದ ಮಗುಚಿದ ಸದ್ದು ಬಂತು. ಓದುತ್ತ ಓದುತ್ತ ಫಕ್ಕೀರಪ್ಪನ ದನಿ ಇಳಿಯಿತು.

“‘ಇವತ್ತು ಅರ್ಧಕ್ಕೆ ನಿಂತ ಮಾತು ಇಷ್ಟೇ ಸಾರ್: ನಾನು ತಮ್ಮ, ವಾದಿರಾಜ.’”