ಬೆಳಗಿನ ಸಾಲು

ಅಂಗಡಿಯ ತಂತ್ರಾಂಶ ಪುಕ್ಕಟೆ. ಅದನ್ನು ಕೂರಿಸಲು ತೈಪೆಯ ಸರ್ವರ್ ಒಂದರಲ್ಲಿ ಮೊದಲಿಂದಲೂ ಇದ್ದ ಜಾಗದ ಬಾಡಿಗೆ ವರ್ಷಕ್ಕೆ ಎರಡು ಸಾವಿರ ತೈವಾನ್ ಡಾಲರ್. ಕೂರಿಸಿಕೊಟ್ಟ ಕಂಪ್ಯೂಟರ್ ರಿಪೇರಿಯ ಆ-ಖೇಂಗ್‌ಗೆ ಒಂದು ಚೀಲ ಒಣಸೀಗಡಿ. ಇಷ್ಟು ಅಗ್ಗವಾಗಿ ಡೊಂಗ್‌ಗಾಂಗ್ ಬಂದರಿನಲ್ಲಿ ಬೇರೆ ಯಾರೂ ಆನ್‌ಲೈನ್ ಅಂಗಡಿ ತೆರೆದಿಲ್ಲ ಎಂದು ಸಿಯೊಕ್‌ಖಿಮ್ ಹಿಗ್ಗಿದ್ದಳು.

ಮರುದಿನ ಬೆಳಿಗ್ಗೆ ಎದ್ದು ದೋಣಿಗಳ ಹಲಗೆ ತೆರೆದರೆ, ಪರದೆ ಬರೀ ಬಿಳಿ.

ಹಲಗೆ ಎಂದರೆ ಅದೇ ಬಾಡಿಗೆ ಜಾಗದಲ್ಲಿದ್ದ ಒಂದು ಹಳೆಯ ಪುಟ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಅದಕ್ಕೇ ಫೋನ್ ಸಿಗದಷ್ಟು ದೂರದ ಕಡಲಲ್ಲೂ ಉಪಗ್ರಹದ ಬಡಕಲು ಸಿಗ್ನಲ್ಲಿಗೆ ಅದು ತೆರೆದುಕೊಳ್ಳುತ್ತಿತ್ತು. ಟ್ಯೂನಾ ಹಿಡಿಯಲು ಹೋದ ಆರು ದೋಣಿಗಳಿಂದ ದಿನಾ ಬೆಳಿಗ್ಗೆ ಒಂದೊಂದು ಸಾಲು ಬರುತ್ತಿತ್ತು. ಮನೆಯವರು ಕೆಳಗೆ ಉತ್ತರ ಬರೆಯುತ್ತಿದ್ದರು. ನಿನ್ನೆ ಅವಳ ಗಂಡ ತ್ಸುನ್‌ಹೊಕ್ ಬರೆದದ್ದು: ‘ಗಾಳಿ ಏಳುತ್ತಿದೆ. ನಾಳೆ ಬರೆಯುತ್ತೇನೆ.’

ಸಿಯೊಕ್‌ಖಿಮ್ ಮೊದಲು ನೋಡಿದ್ದು ಗೋಡೆಯ ಇಂಟರ್ನೆಟ್ ಡಬ್ಬಿಯನ್ನು. ಅದರ ತಲೆಯ ಮೇಲೆ, ಯಂತ್ರ ಹಟ ಮಾಡದಿರಲೆಂದು ತೈವಾನಿನಲ್ಲಿ ಎಲ್ಲರೂ ಇಡುವ ಹಾಗೆ, ಕುರುಕಲಿನ ಹಸಿರು ಚೀಲವಿತ್ತು. ತಾರೀಕು ಓದಿದಳು. ಅವಧಿ ಮುಗಿದು ಎರಡು ತಿಂಗಳಾಗಿತ್ತು! ಹೊಸದು ಬೇಕು. ಸ್ಕೂಟರ್ ಹತ್ತಿ ಹೋದಳು. ಹತ್ತಿರದ ಅಂಗಡಿಗಳಲ್ಲೆಲ್ಲ ಹಳದಿ ಚೀಲ. ಹಳದಿ ಎಂದರೆ ಯಂತ್ರದ ಎಚ್ಚರಿಕೆ ದೀಪದ ಬಣ್ಣ, ಇಟ್ಟರೆ ಇನ್ನೂ ಕೇಡು. ಮೀನು ಮಾರುಕಟ್ಟೆಯ ಆಚೆ ಹಸಿರು ಸಿಕ್ಕಿತು. ತಂದಿಟ್ಟು, ಕಡಲು ಕಾಯುವ ಮಾತ್ಸು ತಾಯಿಗೆ ಊದುಬತ್ತಿ ಹಚ್ಚಿ, ಪುಟವನ್ನು ಮತ್ತೆ ಮತ್ತೆ ತೆರೆದಳು. ಬಿಳಿ. ಮಧ್ಯಾಹ್ನವಾದ ಮೇಲೆ ಆ-ಖೇಂಗ್‌ನನ್ನು ಕರೆದಳು.

“ನಿನ್ನೆ ಏನಾದ್ರೂ ಮುಟ್ಟಿದ್ಯಾ?”

“ಪಿಎಚ್‌ಪಿ ಬದಲಾಯಿಸ್ದೆ ಅಕ್ಕ. ಸರ್ವರ್‌ಗೆ ಅರ್ಥ ಆಗೋ ಭಾಷೆ ಅದು. ಇಲ್ಲಿ ಇದ್ದಿದ್ದು ತೀರಾ ಹಳೇದು, ಅದರ ಮೇಲೆ ಅಂಗಡಿ ಏಳಲ್ಲ ಅಂತು.” ಅವನ ಕೈ ನಿಂತಿತು. “ಅಯ್ಯೋ, ಹಲಗೆನೂ ಇಲ್ಲೇ ಇತ್ತಾ?”

“ಇನ್ನೆಲ್ಲಿರುತ್ತೆ? ನಿನ್ನ ತಲೆ ಮೇಲಾ?”

“ಅದನ್ನ ಇಪ್ಪತ್ತು ವರ್ಷದ ಹಿಂದೆ ಬರೆದಿದ್ದು. ಹೊಸ ಪಿಎಚ್‌ಪಿಗೆ ಅದು ಅರ್ಥಾನೇ ಆಗಲ್ಲ. ಎರಡೂ ಒಟ್ಟಿಗೆ ಈ ಜಾಗದಲ್ಲಿ ನಡೆಯಲ್ಲ. ಹಳೇದಕ್ಕೆ ತಿರುಗಿಸಿದ್ರೆ ಅಂಗಡಿ ಮುಚ್ಚುತ್ತೆ. ಅಮ್ಮಂದಿರ ದಿನದ ಆರ್ಡರ್ ಬೇರೆ ಬರ್ತಾ ಇವೆ...”

“ಮುಚ್ಲಿ! ತಿರುಗಿಸು ಅಂದ್ರೆ ತಿರುಗಿಸು.”

“ಬೆಳಿಗ್ಗೇನೇ ಹೇಳಿದ್ರೆ ಎರಡು ನಿಮಿಷದ ಕೆಲಸ ಇತ್ತಲ್ಲಕ್ಕ.”

“ಚೀಲದ ತಾರೀಕು ಮುಗಿದಿತ್ತು ಕಣೋ.”

ಅವನು ನಗಲಿಲ್ಲ. “ಹಾಗಾದ್ರೆ ಮೊದಲು ಅದನ್ನೇ ನೋಡ್ಬೇಕು, ನಿಜ,” ಎಂದು ಕೀಲಿ ಒತ್ತಿದ.

ಹಲಗೆ ಮರಳಿತು. ಕೊನೆಯ ಸಾಲು ನಿನ್ನೆಯದೇ. ಇಬ್ಬರೂ ಕುರ್ಚಿಯಂಚಿಗೆ ಕೂತು ಕಾದರು. ಸಿಯೊಕ್‌ಖಿಮ್‌ಳ ಚಹಾ ಆರಿತು. ಆಮೇಲೆ, ಕೆಳಗೆ ಒಂದು ಸಾಲು ಮೂಡಿತು.

‘ಬೆಳಿಗ್ಗೆಯಿಂದ ಹಲಗೆ ಬಿಳಿ. ಊರಲ್ಲಿ ಭೂಕಂಪವೇ? ಯಾರಾದರೂ ಬದುಕಿದ್ದರೆ ಬರೆಯಿರಿ. ಗಾಳದ ಹಗ್ಗಗಳನ್ನು ಕತ್ತರಿಸಿ ಆರೂ ದೋಣಿ ಮನೆ ಕಡೆ ತಿರುಗಿದ್ದೇವೆ. ತ್ಸುನ್‌ಹೊಕ್.’

‘ಎಲ್ಲರೂ ಇದ್ದೇವೆ’ ಎಂದು ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಗಾಳ ಕಡಲಿನ ಪಾಲಾಗಿತ್ತು, ಹಂಗಾಮೂ ಅದರ ಜೊತೆಗೇ ಹೋಯಿತು. ಅಂಗಡಿ ಒಂದೇ ದಿನದ್ದಾಯಿತು. ದೋಣಿಗಳು ಖಾಲಿಯಾಗಿ ಬಂದರಿಗೆ ಬಂದಾಗ, ದಡದಲ್ಲಿ ನಿಂತವರು ಬೈಗುಳಕ್ಕೆ ಸಿದ್ಧರಾಗಿದ್ದರು. ದೋಣಿಯ ಮೇಲಿದ್ದವರು ಬೈಯಲಿಲ್ಲ. ಬೆರಳು ಚಾಚಿ ದಡದವರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದರು.