ಹತ್ತು ವರ್ಷ ಬಾಳಬೇಕಾದ ಸ್ಪೀಕರುಗಳು

“ವೈರ್ ಕತ್ತರಿಸ್ಯಾನ! ಬೇಕಂತನ ಕತ್ತರಿಸ್ಯಾನ!”

ಗಾದಿಲಿಂಗಪ್ಪ ಗೌಡರು ಹಾಗೆಂದು ಅಬ್ಬರಿಸಬೇಕೆಂದಿದ್ದರು. ಬಾಯಿಂದ ಹೊರಬಿದ್ದದ್ದು ಬರೀ ಗಾಳಿ. ಹಿಂದಿನ ದಿನ ಸಿರುಗುಪ್ಪದಲ್ಲಿ ಹತ್ತಿ ತೂಗುವವರ ಮೇಲೆ ಎರಡು ತಾಸು ಕೂಗಾಡಿ ಬಂದಿದ್ದರು. ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿತ್ತು. ಮೈಕ್ ಇದೆಯಲ್ಲ ಎಂಬ ಧೈರ್ಯದ ಮೇಲೆ ಸಭೆಗೆ ಬಂದು ಕೂತಿದ್ದರು. ಈಗ ನೋಡಿದರೆ ಮೈಕೂ ಮೂಕ.

೧೯೭೪ನೆಯ ಇಸವಿ. ಕುರುಗೋಡಿನ ಹತ್ತಿ ಬೆಳೆಗಾರರ ಸಂಘದ ವಾರ್ಷಿಕ ಸಭೆ. ಹಾಲ್ ತುಂಬ ಸದಸ್ಯರು. ಅಧ್ಯಕ್ಷರಾದ ಗೌಡರ ಪಕ್ಕದಲ್ಲಿ ಬಳ್ಳಾರಿಯಿಂದ ಬಂದ ದೊಡ್ಡ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಎಡಗೋಡೆಯ ಮೇಲೊಂದು, ಬಲಗೋಡೆಯ ಮೇಲೊಂದು ಸ್ಪೀಕರ್ ಪೆಟ್ಟಿಗೆ. ಎರಡರಲ್ಲೂ ಉಸಿರಿಲ್ಲ.

ಎಲ್ಲರ ಕಣ್ಣು ಇಮಾಮಹುಸೇನನ ಮೇಲೆ ಬಿತ್ತು. ಸಂಘದ ಜವಾನ ಅವನು. ಕಸ, ಚಹಾ, ಕಡತ, ಮೈಕು ಎಲ್ಲ ಅವನದೇ. ಕೆಲಸವೇನೂ ಕಾಯಂ ಅಲ್ಲ. ಆದರೆ ತಾಯಿ ಗುಲ್ಜಾರಬೀಯ ಒಲೆ ಉರಿಯುವುದು ಅದರಿಂದಲೇ.

ಅವನ ಮೇಲೆ ಗೌಡರ ಸಿಟ್ಟು ಇವತ್ತಿನದಲ್ಲ. ಹಾಲ್ ಕಟ್ಟಿದ ಮೊದಲ ವರ್ಷದಲ್ಲೇ ಸ್ಪೀಕರುಗಳು ಮೂರು ಸಲ ಸುಟ್ಟಿದ್ದವು. ಮೂರು ಸಲವೂ ಇಮಾಮಹುಸೇನ ಅವನ್ನು ಎಳೆಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿದ್ದ. ಮೂರನೆಯ ಸಲ ರೇಡಿಯೋ ಅಂಗಡಿಯ ಜಂಬಣ್ಣ ಕರಕಾದ ತಂತಿಯ ಸುರುಳಿಯನ್ನು ತಿರುಗಿಸಿ ನೋಡಿ ಹೇಳಿದ:

“ತಮ್ಮಾ, ತಪ್ಪು ಸ್ಪೀಕರಿಂದಲ್ಲ. ಯಾರೋ ಮೈಕ್ ನುಂಗೋ ಹಂಗ ಹಿಡಕಂಡು ಚೀರ್ತಾರ. ಒಂದು ಗೇಣು ದೂರ ಇಟ್ಟು ಮೆಲ್ಲಕ ಮಾತಾಡಿದ್ರ ಹತ್ತು ವರ್ಷ ಬಾಳಿಕಿ ಬರ್ತಾವ.”

ಹುಚ್ಚು ಹುಡುಗ. ಅದನ್ನು ಹಾಗ್ಹಾಗೇ ತಂದು ನಾಲ್ಕು ಜನರ ಮುಂದೆ ಗೌಡರಿಗೆ ಒಪ್ಪಿಸಿದ. ಚಹಾದ ಲೋಟ ಹಾರಿಬಂದು ಗೋಡೆಗೆ ಬಡಿಯಿತು.

“ನನಗ ಮಾತಾಡಾಕ ಕಲಸ್ತೀಯೇನಲೇ? ಹೊಸಾವು ತರಸ್ತೀನಿ. ಹತ್ತು ವರ್ಷ ಬಾಳಬೇಕು. ಅವು ಕೆಟ್ಟ ದಿನ ನಿನ್ನ ಕೆಲಸ ಮುಗೀತು ಅಂತ ತಿಳಕ!”

ಮನೆಗೆ ಬಂದ ಇಮಾಮಹುಸೇನನಿಗೆ ಅನ್ನ ಸೇರಲಿಲ್ಲ. ಯಾರೋ ಚೀರಿ ಸುಡಬೇಕು, ಯಾರೋ ಕೆಲಸ ಕಳೆದುಕೊಳ್ಳಬೇಕು, ಯಾವ ಊರಿನ ನ್ಯಾಯ ಇದು? ಗುಲ್ಜಾರಬೀ ಟ್ರಂಕು ತೆಗೆದು, ನಿಕಾಹದ ಸೀರೆಯ ಮಡಿಕೆಗಳಲ್ಲಿದ್ದ ಹಳೆಯ ಬೇವಿನೆಲೆ ಕೊಡವಿ ಹೊಸ ಎಲೆ ಇಡುತ್ತಿದ್ದಳು. ನಲವತ್ತು ವರ್ಷದ ಸೀರೆ, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅವನು ಅದನ್ನೇ ನೋಡುತ್ತ ಕೂತ.

ಹೊಸ ಸ್ಪೀಕರುಗಳು ಬಂದವು. ಗೋಡೆಯ ಪೆಟ್ಟಿಗೆಗಳೊಳಗೆ ಅವನ್ನು ಕೂಡಿಸುವ ಕೆಲಸವೂ ಅವನಿಗೇ ಬಿತ್ತು. ಆಮೇಲೆ ಒಂದೂವರೆ ವರ್ಷ ಒಂದು ದೂರಿಲ್ಲ. ಪ್ರತಿ ಸಭೆಗೂ ಮುಂಚೆ ಇಮಾಮಹುಸೇನ ಏಣಿ ಹತ್ತಿ ಪೆಟ್ಟಿಗೆ ಒರೆಸುತ್ತಿದ್ದ, ಕೆಳಗೆ ಬಿದ್ದ ಹುಲ್ಲುಕಡ್ಡಿ ಗುಡಿಸುತ್ತಿದ್ದ, ದೀಪ ಹಚ್ಚಿ ಗುಂಡಿ ತಿರುವುತ್ತಿದ್ದ. ಆಗಾಗ ಬೇವಿನ ತೊಪ್ಪಲು ತಂದು ಕಡತದ ಬೀರುವಿನಲ್ಲಿ ಇಡುತ್ತಿದ್ದ. ಹುಳ ಹತ್ತಬಾರದಲ್ಲ, ಹುಡುಗ ಜವಾಬ್ದಾರಿ ಕಲಿತ ಎಂದುಕೊಂಡ ಗುಮಾಸ್ತ ಉಜ್ಜಿನಪ್ಪ.

ಗೌಡರ ಭಾಷಣವೂ ಎಂದಿನಂತೆ ನಡೆದಿತ್ತು. ಮೈಕ್ ಅವರ ಮುಂದಿನಿಂದ ಕದಲಿದ್ದೇ ಇಲ್ಲ. ಬೇರೆಯವರು ಎದ್ದು ಕೈ ಚಾಚಿದರೆ “ಕುಂದ್ರಲೇ!” ಎಂಬ ಒಂದೇ ಉತ್ತರ. ಕಟ್ಟಕಡೆಯ ಸಾಲಿನ ಮುದುಕ ಓಬಣ್ಣ ಪ್ರತಿ ಸಲ ತಲೆದೂಗುತ್ತಿದ್ದ: “ಏನ್ ಸ್ಪೀಕರ್ ತಂದೀರಿ ಗೌಡ್ರ! ಮಾತು ಎದಿಗೇ ಬಂದು ಬಡೀತಾವ.”

“ಬೈದ್ರನ ಇವು ಬಾಳಿಕಿ ಬರಾದು,” ಎಂದು ಗೌಡರು ಇಮಾಮಹುಸೇನನ ಕಡೆ ಬೆರಳು ತೋರಿಸುತ್ತಿದ್ದರು. “ಮಿಷನ್ ಆಗಲಿ, ಮನಷಾ ಆಗಲಿ.” ಅವನು ತಲೆ ತಗ್ಗಿಸುತ್ತಿದ್ದ. ಜನ ಅದನ್ನು ಮರ್ಯಾದೆ ಎಂದುಕೊಂಡಿದ್ದರು.

ಇವತ್ತು ಆ ಮರ್ಯಾದೆಗೂ ಕುತ್ತು ಬಂತು. ಅಧಿಕಾರಿಯ ಎದುರು ಮಾನ ಹೋದ ಗೌಡರು ಮೇಜು ಗುದ್ದಿ ಏಣಿಯ ಕಡೆ ಕೈ ಮಾಡಿದರು. “ಬಿಚ್ರಿ ಪೆಟ್ಟಿಗಿ!” ಎಂದದ್ದು ಪಕ್ಕದಲ್ಲಿದ್ದ ಉಜ್ಜಿನಪ್ಪನಿಗೆ ಮಾತ್ರ ಕೇಳಿಸಿತು. ಅವನು ಏಣಿ ಹತ್ತಿ ಮೊಳೆ ಕಿತ್ತು ಬಟ್ಟೆ ಬಿಗಿದ ಮುಂದಿನ ಹಲಗೆ ತೆಗೆದ.

ಗುಬ್ಬಿಯೊಂದು ಅವನ ಕಿವಿ ಸವರಿಕೊಂಡು ಹಾರಿತು. ಹಿಡಿ ಹುಲ್ಲು, ನಾಲ್ಕು ಪುಕ್ಕ ಕೆಳಗೆ ಬಿದ್ದವು. ಪೆಟ್ಟಿಗೆಯಲ್ಲಿ ಮತ್ತೇನೂ ಇರಲಿಲ್ಲ. ಇನ್ನೊಂದನ್ನು ಬಿಚ್ಚಿದರು. ಅದೂ ಖಾಲಿ.

“ಕದ್ದಾನ! ಮಾರಿಕೆಂಡು ತಿಂದಾನ!” ಹಾಲ್ ಎದ್ದು ನಿಂತಿತು. ಗೌಡರು ಹುಡುಗನ ಕೊರಳಪಟ್ಟಿ ಹಿಡಿದರು. ಮುಖ ಕೆಂಡ, ದನಿ ಮಾತ್ರ ಗಾಳಿ: “ಪೊಲೀಸರನ್ನ ಕರೀರಿ!”

ಇಮಾಮಹುಸೇನ ಆ ಕೈಯನ್ನು ಬಿಡಿಸಿಕೊಂಡ. ಒಂದೂವರೆ ವರ್ಷ ನುಂಗಿದ್ದ ಸಿಟ್ಟು ಅವನ ಕಣ್ಣಿಗೆ ಬಂದಿತ್ತು. ನೇರ ಬೀರುವಿಗೆ ಹೋಗಿ, ಕಡತಗಳ ಹಿಂದಿನಿಂದ ಹಳೆಯ ಸೀರೆಯ ಗಂಟೊಂದನ್ನು ಎಳೆದು ತಂದು ಅಧಿಕಾರಿಯ ಮುಂದೆ ಬಿಚ್ಚಿದ. ಒಣಗಿದ ಬೇವಿನೆಲೆಗಳ ನಡುವೆ ಎರಡು ಸ್ಪೀಕರುಗಳಿದ್ದವು. ಒಂದು ಚೂರು ಧೂಳಿಲ್ಲ. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ.

“ಹತ್ತು ವರ್ಷ ಬಾಳಬೇಕಂದ್ರಲ್ರಿ ಗೌಡ್ರ, ತಂದ ದಿನಾನ ಗಂಟು ಕಟ್ಟಿ ಇಟ್ಟೀನಿ, ಇವು ಕೆಟ್ಟಿಲ್ರಿ,” ಎಂದ. “ಒಂದೂವರಿ ವರ್ಷ ಈ ಹಾಲಿನಾಗ ಕೇಳಿದ್ದು ಬರೇ ನಿಮ್ಮ ಗಂಟಲ್ರಿ. ಇವತ್ತು ಕೆಟ್ಟಿದ್ದೂ ಅದೇ ಐತಿ.”