ಇಲ್ಲದ ಗುಡ್ಡ

ನೆಲಕ್ಕೆ ಹಾಸುವ ಫರಸಿಕಲ್ಲು ಒದ್ದೆಯಾದ ವಾಸನೆ ಬಂದರೆ ಈಗಲೂ ಶಹಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ. ನಾನು ಓದುತ್ತಿದ್ದ ಸಾಲಿಯ ಗೋಡೆಗೆ ಕಲ್ಲಿನಲ್ಲಿ ಕೆತ್ತಿಸಲು ಮಾಸ್ತರರು ಹಳೇ ಭೂಪಟವೊಂದನ್ನು ತಂದಿದ್ದರು. ಅದರ ಉತ್ತರ ಧ್ರುವದಲ್ಲಿ ಕರೀ ಗುಡ್ಡ, ಸುತ್ತ ನಾಲ್ಕು ನದಿ.

"ಇದು ಎಂಥಾ ಕಲ್ಲರಿ?" ಉಳಿ ಹಿಡಿದಿದ್ದ ನನ್ನಜ್ಜ ಆ ಗುಡ್ಡದ ಮೇಲೆ ಬೆರಳಿಟ್ಟು ಕೇಳಿದ.

"ಅಲ್ಲಿ ಗುಡ್ಡನೇ ಇಲ್ಲ, ಅದೊಂದು ಬಿಡ್ರಿ. ಆಗ ಯಾರೂ ಹೋಗಿರಲಿಲ್ಲ, ಮನಸಿಗೆ ಬಂದಂಗ ಬರದಾರ."

ಅಜ್ಜ ಕಲ್ಲಿಗೆ ನೀರು ಚಿಮುಕಿಸಿದ. "ಅವರಿಗೆ ಖಾಲಿ ಬಿಡಲಿಕ್ಕ ಮನಸಾಗಿರಂಗಿಲ್ರಿ."

ಬುತ್ತಿ ತಂದಿದ್ದ ಅವ್ವ ಮುಖ ತಿರುಗಿಸಿದಳು.

ಮಾಸ್ತರರು ನನ್ನತ್ತ ನೋಡಿದರು. "ನಿಮ್ಮಪ್ಪ ಎಲ್ಲದಾನ?"

"ಸೊಲ್ಲಾಪುರದ ಮಿಲ್ಲಿನಾಗ," ಎಂದೆ, ಅವ್ವ ಹೇಳಿಕೊಟ್ಟಿದ್ದಂತೆ. "ದೊಡ್ಡ ಗೇಟು ಅದ, ನಾಲ್ಕು ಚಿಮಣಿ ಅವ." ಆ ಮಿಲ್ಲನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಅಜ್ಜ ತಲೆ ಎತ್ತಲಿಲ್ಲ. ಮಾಸ್ತರರು ಬಿಡಲು ಹೇಳಿದ್ದ ಗುಡ್ಡವನ್ನು ಕೆತ್ತತೊಡಗಿದ.